ಕಡಬದಿಂದ ಬರುತ್ತಿದ್ದ ಫೋನು

ಗಲ್ಫಿನಿಂದ ಊರಿಗೆ ಬಂದು ಅರ್ಧ ವರ್ಷ ಕಳೆದಿದ್ದರೂ ಉಪ್ಪಿನಂಗಡಿಯವರ ಲೆಕ್ಕದಲ್ಲಿ ನಾನಿನ್ನೂ ರಜೆಯಲ್ಲಿದ್ದೆ. ಮಸೀದಿಯಿಂದ ಹೊರಗೆ ಬರುವಾಗ, ಮೀನು ಕೊಳ್ಳುವಾಗ, ಕ್ಷೌರದಂಗಡಿಯ ಬೆಂಚಿನಲ್ಲಿ ಕೂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, "ಯಾವಾಗ ವಾಪಸ್ ಹೋಗುದು?" ಮೊದಮೊದಲು ನಾನು ವಿವರಿಸುತ್ತಿದ್ದೆ. ನಾನಿದ್ದ ಕಂಪನಿ ಮುಚ್ಚಿತು, ವೀಸಾ ಮುಗಿಯಿತು. ಹೆಂಡತಿ ಅಲ್ಲಿ ಶಾಲೆಯೊಂದರಲ್ಲಿ ಟೀಚರ್. ಅವಳ ಸಂಬಳದ ಮೇಲೆ ಗಂಡನಿಗೆ ವೀಸಾ ಆಗುವುದಿಲ್ಲ. ಮಗಳ ಶಾಲೆ ಮುಗಿಯುವ ತನಕ ಅವರಿಬ್ಬರು ಅಲ್ಲಿ, ನಾನು ಇಲ್ಲಿ. ಕೇಳಿದವರು "ಹೋ, ಹಾಗಾ" ಎಂದು ತಲೆಯಾಡಿಸಿ ಮುಂದಿನ ವಾರ ಮತ್ತೆ ಅದನ್ನೇ ಕೇಳುತ್ತಿದ್ದರು. ಗಂಡ ಊರಲ್ಲಿ, ಹೆಂಡತಿ ಗಲ್ಫಿನಲ್ಲಿ ಎಂಬುದು ಅವರ ತಲೆಯೊಳಗೆ ಹೋಗುತ್ತಲೇ ಇರಲಿಲ್ಲ. ಕೊನೆಗೆ ನಾನೂ "ನೋಡ್ಬೇಕು" ಎಂದಷ್ಟೇ ಹೇಳಿ ದಾಟಿಕೊಳ್ಳತೊಡಗಿದೆ.

ಅಣ್ಣನಿಗೆ ಪೇಟೆಯಲ್ಲಿ ಪಾತ್ರೆಯ ಅಂಗಡಿ ಇತ್ತು. ಅವನ ಮನೆಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ್ದರು. ಇರು ಎಂದು ಎಲ್ಲರೂ ಹೇಳಿದರು. ಆದರೆ ನಾನು ಕೂತ ಕೋಣೆಗೆ ಅವನ ಸೊಸೆಯಂದಿರು ಬಟ್ಟೆ ತೆಗೆದುಕೊಳ್ಳಲು ಬರಬೇಕಾದರೂ ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದರು. ಒಂದು ತಿಂಗಳು ನೋಡಿ, ಅಂಗಡಿಯ ಮೇಲಿದ್ದ ಕೋಣೆಯನ್ನು ಗುಡಿಸಿ ಅಲ್ಲಿಗೆ ಹೋದೆ. ಒಂದು ಮಂಚ, ಒಂದು ಮೇಜು, ಗೋಡೆಯ ಉದ್ದಕ್ಕೆ ಮಾರಾಟವಾಗದ ಅಲ್ಯುಮಿನಿಯಂ ಬೋಗುಣಿಗಳ ಸಾಲು. ಅಲ್ಲಿಂದಲೇ ಕೆಲಸ.

ಕೆಲಸವೆಂದರೆ ನೆಟ್‌ವರ್ಕಿನದು. ಗಲ್ಫಿನಲ್ಲಿ ಹದಿನೈದಕ್ಕೂ ಹೆಚ್ಚು ವರ್ಷ ಮಾಡಿದ್ದು ಅದನ್ನೇ. ಪುತ್ತೂರಿನ ಒಬ್ಬರು ಡಾಕ್ಟರಮ್ಮನಿಗೆ ರಕ್ತಪರೀಕ್ಷೆಯ ಲ್ಯಾಬ್ ಇತ್ತು. ಸುಳ್ಯ ಮತ್ತು ಕಡಬದಲ್ಲಿ ಅದರ ಸಣ್ಣ ಸಣ್ಣ ಸೆಂಟರುಗಳು. ಅಲ್ಲಿ ರಕ್ತ ತೆಗೆದು ಪುತ್ತೂರಿಗೆ ಕಳಿಸುತ್ತಾರೆ, ಪರೀಕ್ಷೆ ಪುತ್ತೂರಿನಲ್ಲಿ, ರಿಪೋರ್ಟು ಕಂಪ್ಯೂಟರಿನಲ್ಲಿ ತಿರುಗಿ ಆಯಾ ಸೆಂಟರಿಗೆ. ಈ ರಿಪೋರ್ಟುಗಳೆಲ್ಲ ಇರುವುದು ಕ್ಲೌಡಿನಲ್ಲಿ, ಎಂದರೆ ಎಲ್ಲೋ ದೂರದ ಊರಿನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರುಗಳಲ್ಲಿ. ಅದನ್ನು ಕಟ್ಟಿಕೊಟ್ಟಿದ್ದ ಹುಡುಗ ಬೇರೆ ಕೆಲಸ ಹಿಡಿದು ಹೋಗಿದ್ದ. ಅಣ್ಣನ ಪರಿಚಯದವರೊಬ್ಬರ ಮೂಲಕ ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ದಿನಕ್ಕೊಮ್ಮೆ ಎಲ್ಲ ಸರಿ ಇದೆಯೇ ಎಂದು ನೋಡುವುದು, ತೊಂದರೆ ಬಂದರೆ ಸರಿಮಾಡುವುದು. ಹೆಚ್ಚಿನ ದಿನ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆದ ದಿನಗಳಿದ್ದವು. ಕೆಳಗೆ ಅಣ್ಣ ಗಿರಾಕಿಗಳೊಡನೆ ಚೌಕಾಸಿ ಮಾಡುವುದು ನೆಲದ ಮೂಲಕ ಕೇಳಿಸುತ್ತಿತ್ತು, ಶಬ್ದ ಮಾತ್ರ, ಮಾತು ತಿಳಿಯುತ್ತಿರಲಿಲ್ಲ.

ಸಂಜೆ ಹೆಂಡತಿಯ ಫೋನು ಬರುತ್ತಿತ್ತು. ಊಟ ಆಯಿತಾ, ಏನು ಮಾಡಿದಿರಿ, ಇಲ್ಲಿ ಸೆಕೆ, ಅಲ್ಲಿ ಮಳೆಯಾ. ಮಗಳು ಹಿಂದಿನಿಂದ "ಉಪ್ಪಾ, ಹಾಯ್" ಎಂದು ಕೈಬೀಸಿ ಟ್ಯೂಶನ್ನಿಗೆ ಹೋಗುತ್ತಿದ್ದಳು. ಹದಿನಾರು ವರ್ಷದ ಹುಡುಗಿಗೆ ತಂದೆಯ ಜೊತೆ ಮುಖಾಮುಖಿ ಇದ್ದಾಗಲೇ ಹೆಚ್ಚು ಮಾತು ಇರುವುದಿಲ್ಲ. ಫೋನಿನಲ್ಲಿ ಇನ್ನೆಷ್ಟು ಇದ್ದೀತು?

ಹೀಗಿರುವಾಗ ಕಡಬದ ಸೆಂಟರಿನ ಅಕ್ಕ ಫೋನು ಮಾಡತೊಡಗಿದರು.

ಆ ಸೆಂಟರಿನಲ್ಲಿ ಇದ್ದದ್ದು ಅವರೊಬ್ಬರೇ. ರಕ್ತ ತೆಗೆಯುವುದು, ಚೀಟಿ ಬರೆಯುವುದು, ರಿಪೋರ್ಟು ಪ್ರಿಂಟು ತೆಗೆದುಕೊಡುವುದು, ನೆಲ ಒರೆಸುವುದು ಎಲ್ಲವೂ ಅವರದೇ. ಮನೆ ಪೆರಾಬೆಯ ಕಡೆ ಎಂದು ಆಮೇಲೆ ತಿಳಿಯಿತು. ಮೊದಲ ಸಲ ಫೋನು ಎತ್ತಿದಾಗ ಪರಿಚಯವನ್ನೂ ಹೇಳಿಕೊಳ್ಳದೆ ನೇರ ವಿಷಯಕ್ಕೆ ಬಂದಿದ್ದರು.

"ಸರ್, ನೀವೇ ಅಲ್ವಾ ಈಗ ಕಂಪ್ಯೂಟರಿದ್ದು ನೋಡುದು? ಇಲ್ಲಿ ರಿಪೋರ್ಟ್ ಓಪನ್ ಆಗುದಿಲ್ಲ."

"ಯಾವಾಗಿಂದ?"

"ಯಾವಾಗಿಂದ ಅಂತ ಎಂತ ಹೇಳುದು? ಒಮ್ಮೆ ಆಗ್ತದೆ, ಒಮ್ಮೆ ಆಗುದಿಲ್ಲ. ಹೋದ ವರ್ಷದಿಂದ ಹೇಳ್ತಾ ಉಂಟು ನಾನು."

ನಾನು ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ತೆರೆಯಿತು. ಅದನ್ನೇ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. "ಹೌದು, ಈಗ ಇಲ್ಲಿಯೂ ಆಯ್ತು. ಇಡ್ತೇನೆ" ಎಂದರು.

ಎರಡು ದಿನ ಬಿಟ್ಟು ಮತ್ತೆ. ಆಮೇಲೆ ದಿನವೂ. ಪುತ್ತೂರಿನ ಲ್ಯಾಬಿಗೆ ಫೋನು ಮಾಡಿ ವಿಚಾರಿಸಿದರೆ, ಅಲ್ಲಿನ ಟೆಕ್ನಿಶಿಯನ್ ನಕ್ಕು ಹೇಳಿದ, "ಕಡಬದ್ದು ಯಾವಾಗ್ಲೂ ಅದೇ ಮಾರಾಯ್ರೆ. ಅಲ್ಲಿ ನೆಟ್ ಇಲ್ಲ. ಮಳೆಗೆ ಎಲ್ಲ ಹೋಗ್ತದೆ. ನೀವು ತಲೆಬಿಸಿ ಮಾಡ್ಬೇಡಿ." ಸುಳ್ಯದವರನ್ನು ಕೇಳಿದೆ. ಅವರಿಗೂ ಒಮ್ಮೊಮ್ಮೆ ಹಾಗಾಗುತ್ತಿತ್ತು. ಆದರೆ ಅವರು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಪುತ್ತೂರಿನಿಂದ ಯಾರಾದರೂ ರಿಪೋರ್ಟಿನ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತಿದ್ದರು, ಸುಳ್ಯದವರು ಅದನ್ನೇ ಮುಂದೆ ಕಳಿಸುತ್ತಿದ್ದರು. ಪುತ್ತೂರಿನಲ್ಲಂತೂ ತೊಂದರೆಯೇ ಇರಲಿಲ್ಲ. ಹಾಗಾಗಿ ಇಡೀ ಲ್ಯಾಬಿನಲ್ಲಿ ದೂರು ಹೇಳುವವರು ಕಡಬದ ಅಕ್ಕ ಒಬ್ಬರೇ, ಮತ್ತು ಅವರು ದೂರು ಹೇಳುವವರು ಎಂಬುದೇ ಎಲ್ಲರಿಗೂ ಗೊತ್ತಿದ್ದ ಸಂಗತಿಯಾಗಿತ್ತು.

ನಿಜ ಹೇಳುವುದಾದರೆ, ಆ ಫೋನು ನನಗೆ ಬೇಕಾಗಿತ್ತು. ಬೆಳಗ್ಗೆ ಹತ್ತರ ಸುಮಾರಿಗೆ ಬರುತ್ತಿತ್ತು. ರಿಪೋರ್ಟು ತೆರೆಯುವವರೆಗೆ ಅವರು ಲೈನಿನಲ್ಲಿಯೇ ಇರುತ್ತಿದ್ದರು, ಆ ನಡುವೆ ಏನಾದರೂ ಮಾತು. ಅವರ ಗಂಡನಿಗೆ ಮರದಿಂದ ಬಿದ್ದ ಮೇಲೆ ಭಾರದ ಕೆಲಸ ಆಗುವುದಿಲ್ಲ ಎಂದು ಹೀಗೆಯೇ ತಿಳಿದದ್ದು. ನನ್ನ ಹೆಂಡತಿ ಮಗಳು ಅಲ್ಲಿದ್ದಾರೆ ಎಂದಾಗ ಅವರು ಕೇಳಿದರು, "ಅಡಿಗೆ ನೀವೇ ಮಾಡುದಾ?"

"ಅನ್ನ ಮಾಡ್ತೇನೆ. ಸಾರು ಅಣ್ಣನ ಮನೆಯಿಂದ ಬರ್ತದೆ."

"ಹ್ಞಾಂ, ಮತ್ತೆ ಬಿಸಿ ಮಾಡ್ಲಿಕ್ಕೆ ಉದಾಸೀನ ಆಗಿ ಹಾಗೇ ಉಣ್ಣುದು, ಅಲ್ವಾ?"

ಹೌದಾಗಿತ್ತು. ಊರಿಗೆ ಬಂದ ಮೇಲೆ ಯಾವಾಗ ವಾಪಸ್ ಎಂದು ಕೇಳದಿದ್ದ ಮೊದಲನೆಯವರು ಅವರು.

ಜುಲೈ ತಿಂಗಳ ಒಂದು ದಿನ ಅವರ ದನಿ ಬೇರೆಯಾಗಿತ್ತು. ಹಿಂದಿನ ದಿನ ರಕ್ತ ಕೊಟ್ಟುಹೋದ ಜ್ವರದ ಹೆಂಗಸೊಬ್ಬಳು ಎದುರಿಗೆ ಕೂತಿದ್ದಾಳೆ, ಡೆಂಗ್ಯೂ ಸಂಶಯ, ಪ್ಲೇಟ್‌ಲೆಟ್ ಎಷ್ಟಿದೆ ಎಂದು ನೋಡಿ ಕಡಬದ ಆಸ್ಪತ್ರೆಯ ಡಾಕ್ಟರು ಇಲ್ಲೇ ಇಟ್ಟುಕೊಳ್ಳುವುದೋ ಪುತ್ತೂರಿಗೆ ಕಳಿಸುವುದೋ ಎಂದು ಹೇಳಬೇಕು. ರಿಪೋರ್ಟು ತೆರೆಯುತ್ತಿಲ್ಲ. ಪುತ್ತೂರಿನ ಫೋನು ಎಂಗೇಜ್. ನಾನು ನನ್ನ ಕಡೆಯಿಂದ ಅದನ್ನು ಹುಡುಕಿ ಅಂಕಿಯನ್ನು ಓದಿ ಹೇಳಿದೆ. ಅವರು ಬರೆದುಕೊಂಡರು. ಆ ಹೆಂಗಸನ್ನು ಆಗಲೇ ಜೀಪಿನಲ್ಲಿ ಪುತ್ತೂರಿಗೆ ಕರೆದುಕೊಂಡು ಹೋದರಂತೆ, ಗುಣವಾಗಿ ಬಂದಳಂತೆ. ಆದರೆ ಫೋನು ಇಡುವ ಮೊದಲು ಅಕ್ಕ ಹೇಳಿದ ಮಾತು ನನ್ನೊಳಗೆ ಉಳಿಯಿತು.

"ಎಲ್ಲರೂ ನೆಟ್ ಇಲ್ಲ ಅಂತ ಹೇಳುದು ಸರ್. ನೆಟ್ ಉಂಟು. ನೀವು ಒಮ್ಮೆ ಬಂದು ನೋಡಿ."

ಮರುದಿನ ಹೋದೆ. ಉಪ್ಪಿನಂಗಡಿಯಿಂದ ಕಡಬದ ಬಸ್ಸು ಕೊಯಿಲದ ಹುಲ್ಲುಗಾವಲು ದಾಟಿ ಪೆರಾಬೆಯ ಕಡೆಯಿಂದ ಹೋಗುತ್ತದೆ. ಕಿಟಕಿಯ ಟಾರ್ಪಾಲು ಇಳಿಸಿದ್ದರಿಂದ ಹೊರಗೆ ಏನೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದವರು ಗೋಣಿಚೀಲವನ್ನು ನನ್ನ ಕಾಲ ಮೇಲೆ ಅರ್ಧ ಇಟ್ಟು ನಿದ್ದೆ ಹೋಗಿದ್ದರು. ಯಾರೋ ಒಬ್ಬರ ತೂಕ ನನ್ನ ಮೇಲೆ ಬಿದ್ದು ಎಷ್ಟು ಕಾಲವಾಯಿತೋ ಎಂದುಕೊಂಡು ಚೀಲವನ್ನು ಸರಿಸದೆ ಕೂತೆ.

ಅಕ್ಕ ನಾನೆಣಿಸಿದ್ದಕ್ಕಿಂತ ಕುಳ್ಳು, ನನಗಿಂತ ಐದಾರು ವರ್ಷ ಹಿರಿಯರು, ಬಿಳಿ ಕೋಟಿನ ತೋಳು ಮಡಚಿದ್ದರು. "ನೀವು ಫೋನಿನಲ್ಲಿ ಇಷ್ಟು ಉದ್ದ ಇರ್ಲಿಲ್ಲ" ಎಂದು ನಕ್ಕರು. ಬೆಂಚಿನಲ್ಲಿ ಬಸುರಿ ಹುಡುಗಿಯೊಬ್ಬಳು ತಾಯಿಯ ಜೊತೆ ರಿಪೋರ್ಟಿಗಾಗಿ ಕಾಯುತ್ತಿದ್ದಳು. ಅಕ್ಕ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, ಮೊದಲು ಯಾವುದೋ ಸುದ್ದಿಯ ವೀಡಿಯೊ ಹಾಕಿ ತೋರಿಸಿದರು. ತಡೆಯಿಲ್ಲದೆ ಓಡಿತು. ಆಮೇಲೆ ಆ ಹುಡುಗಿಯ ರಿಪೋರ್ಟು ಒತ್ತಿದರು. ಪರದೆಯ ನಡುವೆ ಚಕ್ರ ತಿರುಗುತ್ತಾ ನಿಂತಿತು. ಇನ್ನೊಮ್ಮೆ ಒತ್ತಿದರು, ಚಕ್ರ. ಮೂರನೆಯ ಸಲ ಪಟ್ಟನೆ ತೆರೆಯಿತು.

"ಕಂಡಿತಾ?" ಎಂದರು. ಗೆದ್ದ ದನಿ ಅದಾಗಿರಲಿಲ್ಲ. ಒಂದು ವರ್ಷದಿಂದ ಕಾಣುತ್ತಿದ್ದುದನ್ನು ಇನ್ನೊಬ್ಬರು ಜೊತೆಗೆ ನಿಂತು ನೋಡಿದರಲ್ಲ ಎಂಬ ಸಮಾಧಾನದಂತಿತ್ತು. ನನಗೂ ಹಾಗೆಯೇ ಅನಿಸಿತು. ಮಳೆಯ ತಪ್ಪಲ್ಲ, ಕಡಬದ ತಪ್ಪೂ ಅಲ್ಲ. ತೊಂದರೆ ನಾನು ನೋಡಿಕೊಳ್ಳುವ ಕಡೆಯಲ್ಲೇ ಎಲ್ಲೋ ಇತ್ತು.

ಕೋಣೆಗೆ ಮರಳಿ ಬೋಗುಣಿಗಳ ನಡುವೆ ಕೂತು ಹಳೆಯ ಹುಡುಗ ಕಟ್ಟಿದ್ದನ್ನು ಮೊದಲಿನಿಂದ ಓದಿದೆ. ಕ್ಲೌಡಿನೊಳಗಿನ ಜಾಲವನ್ನು ಅವನು ಎರಡು ಭಾಗ ಮಾಡಿದ್ದ. ಇಂಥ ಭಾಗಕ್ಕೆ ನಮ್ಮ ಕೆಲಸದಲ್ಲಿ ಸಬ್‌ನೆಟ್ ಎನ್ನುತ್ತಾರೆ. ಒಳಗಿನದರಲ್ಲಿ ರಿಪೋರ್ಟುಗಳ ಭಂಡಾರ. ಹೊರಗಿನದರಲ್ಲಿ ಸುಳ್ಯ ಮತ್ತು ಕಡಬದವರು ಕೇಳಿದ ರಿಪೋರ್ಟನ್ನು ಭಂಡಾರದಿಂದ ಕೇಳಿ ತರಿಸಿಕೊಡುವ ಸರ್ವರು. ಪುತ್ತೂರಿನವರ ಸರ್ವರು ಮಾತ್ರ ಭಂಡಾರದ ಜೊತೆ ಒಳಗೇ ಇತ್ತು. ಎರಡು ಭಾಗಗಳ ನಡುವೆ ಫೈರ್‌ವಾಲ್, ಯಾವುದು ದಾಟಬಹುದು ಯಾವುದು ದಾಟಬಾರದು ಎಂಬ ನಿಯಮಗಳ ಕಾವಲು. ಪುತ್ತೂರಿನವರು ಆ ಗಡಿಯನ್ನು ದಾಟುವುದೇ ಇಲ್ಲ. ಅಲ್ಲಿ ಏಕೆ ತೊಂದರೆಯಿಲ್ಲ ಎಂಬುದು ಅಷ್ಟಕ್ಕೇ ತಿಳಿಯಿತು.

ಆ ಫೈರ್‌ವಾಲ್ ಸ್ಟೇಟ್‌ಲೆಸ್ ಜಾತಿಯದು. ಎಂದರೆ ಅದಕ್ಕೆ ನೆನಪಿಲ್ಲ. ಬೇರೆ ಕೆಲವು ಫೈರ್‌ವಾಲ್‌ಗಳು ಈಗ ಹೋದ ಪ್ರಶ್ನೆಯನ್ನು ನೆನಪಿಟ್ಟು, ಅದರ ಉತ್ತರ ಬಂದಾಗ ತಾವಾಗಿ ಒಳಗೆ ಬಿಡುತ್ತವೆ. ಇದು ಹಾಗಲ್ಲ. ಹೋಗುವುದಕ್ಕೊಂದು ನಿಯಮ ಬರೆಯಬೇಕು, ಅದರ ಉತ್ತರ ಬರುವುದಕ್ಕೆ ಇನ್ನೊಂದು ಬರೆಯಬೇಕು. ಪ್ರಶ್ನೆ ಹೋಗುವ ಬಾಗಿಲಿನ ಸಂಖ್ಯೆ, ಅಂದರೆ ಪೋರ್ಟು, ಯಾವಾಗಲೂ ಒಂದೇ. ಉತ್ತರ ಬರುವುದು ಪ್ರಶ್ನೆ ಕೇಳಿದ ಸರ್ವರು ಆ ಹೊತ್ತಿಗೆಂದು ಆರಿಸಿಕೊಂಡ ಯಾವುದಾದರೊಂದು ದೊಡ್ಡ ಸಂಖ್ಯೆಯ ಪೋರ್ಟಿಗೆ. ಪ್ರತಿಸಲ ಅದು ಬೇರೆ. ಹಾಗಾಗಿ ಉತ್ತರದ ನಿಯಮದಲ್ಲಿ ಒಂದು ಇಡೀ ಶ್ರೇಣಿಯನ್ನೇ ತೆರೆದಿಡಬೇಕು.

ಹುಡುಗ ಅದನ್ನು ಬಿಟ್ಟಿರಲಿಲ್ಲ. ಉತ್ತರಕ್ಕೂ ನಿಯಮ ಬರೆದಿದ್ದ. ಮೊದಲ ನೋಟಕ್ಕೆ ಎಲ್ಲವೂ ಸರಿಯಿದ್ದಂತೆ ಕಂಡಿತು. ಆದ್ದರಿಂದ ದಾಟಲಾಗದೆ ಬಿದ್ದದ್ದು ಯಾವುದು ಎಂದು ದಾಖಲಿಸುವ ಸೌಲಭ್ಯವನ್ನು ಚಾಲೂ ಮಾಡಿ, ಮರುದಿನ ಬೆಳಗ್ಗೆ ನಾನೇ ಕಡಬಕ್ಕೆ ಫೋನು ಮಾಡಿದೆ. ದಾಖಲೆ ಪರದೆಗೆ ಬರಲು ಸ್ವಲ್ಪ ತಡ ಆಗುತ್ತಿತ್ತು, ಅದಕ್ಕೆ ನಾವು ನಿಧಾನವಾಗಿ ಹೋದೆವು.

"ಒತ್ತಿ ಅಕ್ಕ."

"ಒತ್ತಿದೆ. ತಿರುಗ್ತಾ ಉಂಟು. ಇಲ್ಲ, ಬರ್ಲಿಲ್ಲ."

"ಇನ್ನೊಮ್ಮೆ."

"ಬಂತು."

"ಇನ್ನೊಮ್ಮೆ."

"ಇಲ್ಲ ಮಾರಾಯ್ರೆ. ಎಂತ, ನಾನು ಇಡೀ ದಿನ ಒತ್ತುದಾ?"

ಅವರು "ಇಲ್ಲ" ಎಂದಾಗಲೆಲ್ಲ ಸ್ವಲ್ಪ ಹೊತ್ತಿನ ಮೇಲೆ ನನ್ನ ಪರದೆಯಲ್ಲಿ ಒಂದು ಸಾಲು ಮೂಡುತ್ತಿತ್ತು. ಒಳಗಿನಿಂದ ಹೊರಟ ಉತ್ತರ, ತಿರಸ್ಕೃತ. ಅದು ಹೋಗಬೇಕಾಗಿದ್ದ ಪೋರ್ಟುಗಳನ್ನು ನೋಡಿದೆ. ಮೂವತ್ತಾರು ಸಾವಿರ ಚಿಲ್ಲರೆ, ನಲವತ್ತೊಂದು ಸಾವಿರ ಚಿಲ್ಲರೆ, ಮೂವತ್ತಮೂರು ಸಾವಿರ ಚಿಲ್ಲರೆ. ಹುಡುಗ ತೆರೆದಿಟ್ಟಿದ್ದದ್ದು ನಲವತ್ತೊಂಬತ್ತು ಸಾವಿರದಿಂದ ಮೇಲಿನದನ್ನು. ಒಂದು ಬಗೆಯ ಕಂಪ್ಯೂಟರುಗಳು ಅಲ್ಲಿಂದ ಮೇಲಷ್ಟೇ ಆರಿಸಿಕೊಳ್ಳುತ್ತವೆ, ಅವನಿಗೆ ಆ ರೂಢಿ ಇದ್ದಿರಬೇಕು. ನಮ್ಮ ಹೊರಗಿನ ಸರ್ವರಿನದು ಲಿನಕ್ಸ್. ಅದು ಮೂವತ್ತೆರಡು ಸಾವಿರದಿಂದಲೇ ಶುರುಮಾಡುತ್ತದೆ. ಸರ್ವರು ದೊಡ್ಡ ಸಂಖ್ಯೆ ಆರಿಸಿಕೊಂಡಾಗ ರಿಪೋರ್ಟು ಕಡಬಕ್ಕೆ ಬರುತ್ತಿತ್ತು, ಸಣ್ಣದಾದರೆ ದಾರಿಯಲ್ಲೇ ಬೀಳುತ್ತಿತ್ತು. ಯಾರಿಗೂ ಸೂಚನೆಯಿಲ್ಲ, ಎಚ್ಚರಿಕೆಯಿಲ್ಲ. ಭಂಡಾರ ಪ್ರತಿಸಲವೂ ಉತ್ತರ ಕೊಟ್ಟೇ ಇತ್ತು.

"ಸಿಕ್ಕಿತು ಅಕ್ಕ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಎಂತ ಸಿಕ್ಕಿತು?"

"ನೀವು ಹೇಳಿದ್ದು ಸರಿ. ನೆಟ್ ಉಂಟು. ಇಲ್ಲಿ ಬಾಗಿಲು ಅರ್ಧ ಹಾಕಿ ಇಟ್ಟದ್ದು."

ಡಾಕ್ಟರಮ್ಮನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಅವರು ಇಡೀ ಸಂಗತಿ ಕೇಳಿಸಿಕೊಂಡು, "ಅವಳು ಹೇಳ್ತಾನೇ ಇದ್ದಳು, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಮಾಡಿಬಿಡಿ, ಆಗ ಗಿರಾಕಿ ಕಡಿಮೆ" ಎಂದರು. ಒಳಗಿನ ಸಬ್‌ನೆಟ್ಟಿನಿಂದ ಹೊರಡುವ ನಿಯಮದಲ್ಲಿ ಶ್ರೇಣಿಯನ್ನು ಕೆಳಗಿನವರೆಗೆ ಇಳಿಸಿದೆ. ಊರಿಗೆಲ್ಲ ತೆರೆಯಲಿಲ್ಲ, ಹೊರಗಿನ ಸಬ್‌ನೆಟ್ಟಿನ ವಿಳಾಸಗಳಿಗೆ ಮಾತ್ರ. ಅಕ್ಕನಿಗೆ ಒತ್ತಲು ಹೇಳಿದೆ. ಬರಲಿಲ್ಲ. ಆಮೇಲೆ ನೆನಪಾಯಿತು. ಎರಡು ಸಬ್‌ನೆಟ್ಟಿಗೂ ಅದರದರ ಕಾವಲು. ಒಳಗಿನದು ಹೊರಗೆ ಬಿಟ್ಟರೆ ಸಾಲದು, ಹೊರಗಿನದು ಒಳಗೆ ಬರಮಾಡಿಕೊಳ್ಳಲೂ ಬೇಕು. ಅಲ್ಲಿನ ನಿಯಮವನ್ನೂ ತಿದ್ದಿದೆ.

"ಬಂತು" ಎಂದರು ಅಕ್ಕ. "ಬಂತು. ಇದೂ ಬಂತು. ಇದೂ ಬಂತು ಸರ್!" ಹತ್ತು ಹನ್ನೆರಡು ಸಲ ಒತ್ತಿದರು. ಕೊನೆಗೆ ಇಬ್ಬರೂ ನಗತೊಡಗಿದೆವು. ಅವರ ನಗು ಕೇಳಿ ಹಿಂದಿನಿಂದ ಯಾರೋ ತುಳುವಿನಲ್ಲಿ ಏನಾಯಿತು ಎಂದು ಕೇಳಿದ್ದು, ಅವರು "ದಾಲಾ ಇಜ್ಜಿ", ಏನಿಲ್ಲ, ಎಂದದ್ದು ಕಿವಿಗೆ ಬಿತ್ತು.

ಫೋನಿಟ್ಟು ಕೆಳಗೆ ಹೋಗಿ ಅಣ್ಣನಿಗೆ ಹೇಳಿದೆ. ಅವನು ಕುಕ್ಕರಿನ ಮುಚ್ಚಳ ಒರೆಸುತ್ತಾ "ಒಳ್ಳೇದಾಯ್ತು" ಎಂದ. ಏನು ಒಳ್ಳೆಯದಾಯಿತು ಎಂದು ಅವನಿಗೆ ತಿಳಿಯಲಿಲ್ಲ, ನನಗೂ ಅದನ್ನು ನಮ್ಮ ಮನೆಮಾತು ಬ್ಯಾರಿಯಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಸಂಜೆ ಹೆಂಡತಿಗೆ ಹೇಳಿದೆ. ಅವಳು ಉತ್ತರಪತ್ರಿಕೆ ತಿದ್ದುತ್ತಾ "ಹ್ಞೂಂ, ಹ್ಞೂಂ" ಎಂದಳು. ಬೇಸರವೇನೂ ಆಗಲಿಲ್ಲ. ಅವಳಿಗೆ ದಿನಕ್ಕೆ ಎಷ್ಟು ದಣಿವಿದೆ ಎಂದು ನನಗೆ ಗೊತ್ತು.

ಮರುದಿನ ಹತ್ತು ಗಂಟೆಗೆ ಫೋನು ಬರಲಿಲ್ಲ.

ಬರಬೇಕಾಗಿಯೂ ಇರಲಿಲ್ಲ. ನಾನು ದಾಖಲೆ ತೆರೆದು ನೋಡಿದೆ, ತಿರಸ್ಕೃತ ಎಂಬ ಸಾಲು ಒಂದೂ ಇಲ್ಲ. ಕಡಬದಿಂದ ಪ್ರಶ್ನೆಗಳು ಬರುತ್ತಿದ್ದವು, ಉತ್ತರಗಳು ಹೋಗುತ್ತಿದ್ದವು. ಅಲ್ಲಿ ಅಕ್ಕ ಕೂತು ಒಂದೊಂದನ್ನೇ ಪ್ರಿಂಟು ತೆಗೆಯುತ್ತಿದ್ದಾರೆ ಎಂದು ನನಗೆ ಕಾಣುತ್ತಿತ್ತು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಆ ವಾರ, ಅದರ ಮುಂದಿನ ವಾರ ಹಾಗೆಯೇ ಕಳೆಯಿತು. ಮಳೆ ಜೋರಾಗಿ ನೇತ್ರಾವತಿಯ ನೀರು ಮೆಟ್ಟಿಲ ಮೇಲೆ ಬಂದಿದೆ ಎಂದು ಜನ ನೋಡಲು ಹೋಗುತ್ತಿದ್ದರು. ನಾನೂ ಒಮ್ಮೆ ಹೋಗಿ ಗುಂಪಿನ ಹಿಂದೆ ನಿಂತು ಬಂದೆ. ಕೆಲಸ ಸರಿಮಾಡಿದ್ದಕ್ಕೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಯಾರಿಗಾದರೂ ಹೇಳಿದರೆ ನಗುತ್ತಾರೆ ಎಂದು ಅದನ್ನೂ ಹೇಳಿಕೊಳ್ಳಲಿಲ್ಲ.

ಒಂದು ಶುಕ್ರವಾರ ತಡೆಯಲಾಗದೆ ನಾನೇ ಫೋನು ಮಾಡಿದೆ.

"ಅಕ್ಕ, ರಿಪೋರ್ಟ್ ಎಲ್ಲ ಸರಿ ಬರ್ತದಾ?"

"ಫಸ್ಟ್ ಕ್ಲಾಸ್ ಸರ್. ಈಗ ಎಂತ ತೊಂದರೆಯೂ ಇಲ್ಲ. ಯಾಕೆ, ಅಲ್ಲಿ ಎಂತಾದ್ರೂ ಕಾಣ್ತದಾ?"

"ಇಲ್ಲ, ಇಲ್ಲ. ಸುಮ್ಮನೆ ಕೇಳಿದ್ದು."

ಅವರ ಹಿಂದೆ ಮಗುವೊಂದು ಸೂಜಿಗೆ ಹೆದರಿ ಅಳುತ್ತಿತ್ತು. "ಆಮೇಲೆ ಮಾಡ್ತೇನೆ" ಎಂದು ಇಟ್ಟರು. ಮಾಡಲಿಲ್ಲ. ಅಷ್ಟು ಸಣ್ಣ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದು ನಾನೂ ಎರಡು ದಿನದ ಮೇಲೆ ಕಾಯುವುದನ್ನು ಬಿಟ್ಟೆ.

ತಿಂಗಳ ಕೊನೆಗೆ ಡಾಕ್ಟರಮ್ಮ ನನ್ನನ್ನು ಪುತ್ತೂರಿಗೆ ಕರೆದರು. ಅರವತ್ತು ದಾಟಿದ, ಹೆಚ್ಚು ನಗದ ಹೆಂಗಸು. ಎದುರಿಗೆ ಕೂರಿಸಿ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಹೇಳಿದರು, "ನೀವು ಅಲ್ಲಿ ಒಬ್ಬರೇ ಕೂತು ಕೆಲಸ ಮಾಡುದಂತೆ. ಇಲ್ಲಿ ಮೇಲೆ ಒಂದು ಮೇಜು ಖಾಲಿ ಉಂಟು. ಬಂದು ಕೂತ್ಕೊಳ್ಳಿ."

"ಯಾರು ಹೇಳಿದ್ದು ಮೇಡಂ?"

"ಕಡಬದವಳು. ಮೀಟಿಂಗಿಗೆ ಬಂದಿದ್ದಳು. ಆ ಸಾಹೇಬ್ರು ಯಾರ ಹತ್ತಿರವೂ ಮಾತಾಡದೆ ಮರುಳು ಹಿಡಿಸಿಕೊಳ್ತಾರೆ, ನೀವೆಲ್ಲಾದ್ರೂ ಒಂದು ಕುರ್ಚಿ ಕೊಡಿ ಅಂದಳು." ಈಗ ಮುಖವೆತ್ತಿ ನೋಡಿದರು. "ಹೌದಾ?"

"ಬರ್ತೇನೆ ಮೇಡಂ" ಎಂದೆ.

ಈಗ ದಿನವೂ ಉಪ್ಪಿನಂಗಡಿಯಿಂದ ಪುತ್ತೂರಿಗೆ ಬಸ್ಸು ಹತ್ತುತ್ತೇನೆ. ನನ್ನ ಮೇಜು ಸ್ಯಾಂಪಲ್ಲುಗಳ ಫ್ರಿಜ್ಜಿನ ಪಕ್ಕ. ಮೊದಲ ಕೆಲವು ದಿನ ನಾನು ಹೋದೊಡನೆ ಲ್ಯಾಬಿನ ಹುಡುಗಿಯರ ತುಳು ಮಾತು ನಿಂತುಹೋಗುತ್ತಿತ್ತು. ತಮ್ಮ ಮೇಲೆ ಕಣ್ಣಿಡಲು ಮೇಡಂ ಕಳಿಸಿದ ಜನ ಎಂದು ತಿಳಿದಿದ್ದರು. ನನಗೂ ತುಳು ಬರುತ್ತದೆ ಎಂದು ತಿಳಿದ ಮೇಲೆ ಸ್ವಲ್ಪ ಸಡಿಲವಾದರು. ಚಾ ಬಂದಾಗ ನನ್ನದೂ ಒಂದು ಲೋಟ ಬರುತ್ತದೆ. ಹೆಚ್ಚೇನೂ ಮಾತಾಡುವುದಿಲ್ಲ. ಅವರ ಮಾತು ಅವರದು, ನನ್ನ ಪರದೆ ನನ್ನದು. ಆದರೂ ಸಂಜೆ ಹೊತ್ತಿಗೆ ಗಂಟಲು ಸ್ವಲ್ಪ ಬಳಕೆಯಾಗಿರುತ್ತದೆ.

ಹೆಂಡತಿ ಮೊನ್ನೆ ಹೇಳಿದಳು, ಮಗಳು ಕಾಲೇಜನ್ನೂ ಅಲ್ಲೇ ಓದಬೇಕು ಎನ್ನುತ್ತಿದ್ದಾಳೆ ಎಂದು. ಅವಳ ದನಿಯಲ್ಲಿ ನನ್ನ ಒಪ್ಪಿಗೆ ಕೇಳುವಂಥದ್ದೂ ಇತ್ತು, ಆಗಲೇ ನಿಶ್ಚಯವಾದಂಥದ್ದೂ ಇತ್ತು. ಓದಲಿ ಎಂದೆ. ಆದರೂ ಇಬ್ಬರೂ ಫೋನು ಇಡಲಿಲ್ಲ. ಅವಳ ಕಡೆ ಏಸಿಯ ಸದ್ದು, ನನ್ನ ಕಡೆ ಪುತ್ತೂರಿನ ಬಸ್‌ಸ್ಟ್ಯಾಂಡಿನದು. ಸುಳ್ಯದ ಬಸ್ಸು ಹೊರಟಿತು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ.